ಪಿಂಗಾಣಿಯ ರೈತನನ್ನು ಬೆನ್ನ ಕಡೆಯಿಂದ ನೋಡಿ

ಮುರಿದ ಪಿಂಗಾಣಿಯನ್ನು ಜೋಡಿಸುವುದು ನನ್ನ ಕೆಲಸ. ಹದಿನೆಂಟನೆಯ ಶತಮಾನದ ಜರ್ಮನ್ ಬೊಂಬೆಯೊಂದು, ಅದು ರೈತನಿರಲಿ, ಕುರುಬನಿರಲಿ, ತೋಟಗಾರ್ತಿಯಿರಲಿ, ಗಣಿ ಕಾರ್ಮಿಕನಿರಲಿ, ಕೈಗೆ ಬಂದ ಕೂಡಲೇ ಜನ ಅದನ್ನು ಮಗುಚಿ ಕಾರ್ಖಾನೆಯ ಮುದ್ರೆ ಹುಡುಕುತ್ತಾರೆ. ಮುದ್ರೆಯನ್ನು ಕೊನೆಗಿಟ್ಟುಕೊಳ್ಳಿ. ಜರ್ಮನಿಯ ಹೆಸರಾಂತ ಮೈಸನ್ ಪಿಂಗಾಣಿ ಕಾರ್ಖಾನೆಯ ಮುದ್ರೆಯಾದ ನೀಲಿ ಜೋಡಿ ಕತ್ತಿಗಳನ್ನು ನಕಲು ಮಾಡಿದವರಿಗೆ ಲೆಕ್ಕವೇ ಇಲ್ಲ.

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಉಂಗುರ, ಬಳೆ ತೆಗೆದಿಡಿ. ಒಂದು ಕೈ ಪೀಠದ ಅಡಿಗಿರಲಿ, ಇನ್ನೊಂದು ಬೊಂಬೆಯ ನಡುವಿಗೆ. ತೋಳನ್ನಾಗಲಿ ಟೋಪಿಯನ್ನಾಗಲಿ ಹಿಡಿದು ಎತ್ತಲೇಬೇಡಿ.

ಈಗ ಬೆನ್ನು ನೋಡಿ. ಕಾಲಿಗೆ ಆತುಕೊಂಡ ಮರದ ಬೊಡ್ಡೆ ಬರೀ ಅಲಂಕಾರವಲ್ಲ. ಸುಡುವಾಗ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿಂಗಾಣಿ ಮೆತ್ತಗಾಗುತ್ತದೆ, ಕುಗ್ಗುತ್ತದೆ. ಬೊಡ್ಡೆ ಇಲ್ಲದಿದ್ದರೆ ಆ ಸಣಕಲು ಕಾಲುಗಳು ಮೈಭಾರಕ್ಕೆ ಬಾಗಿಬಿಡುತ್ತವೆ. 1731ರಲ್ಲಿ ಮೈಸನ್ ಸೇರಿದ ಶಿಲ್ಪಿ ಯೊಹಾನ್ ಯೋಆಕಿಮ್ ಕೆಂಡ್ಲರ್ ಮೂಲ ಬೊಂಬೆಯನ್ನು ರೂಪಿಸಿದರೆ, ಅದನ್ನು ತುಂಡು ಮಾಡಿ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು. ಅಚ್ಚಿನಿಂದ ಬಂದ ತಲೆ, ತೋಳು, ಬುಟ್ಟಿಗಳನ್ನು ತೆಳು ಮಣ್ಣಿನಿಂದ ಅಂಟಿಸಿ, ಬೆಸುಗೆಯ ಗೆರೆಯನ್ನು ತೀಡಿ ಅಳಿಸುತ್ತಿದ್ದವರು ಬೇರೆ ಕೆಲಸಗಾರರು. ಹಾಗಾಗಿಯೇ ಒಂದೇ ಅಚ್ಚಿನ ಇಬ್ಬರು ರೈತರ ತಲೆ ಒಂದೇ ಓರೆಯಲ್ಲಿರಬೇಕೆಂದಿಲ್ಲ. ಕಂಕುಳಲ್ಲಿ, ಕಾಲರಿನ ಕೆಳಗೆ ದೀಪ ಓರೆಯಾಗಿ ಹಿಡಿದರೆ ಆ ಗೆರೆಯ ಸುಳಿವು ಒಮ್ಮೊಮ್ಮೆ ಸಿಗುತ್ತದೆ. ನನಗೆ ಬೊಂಬೆಯ ನಗುಮುಖಕ್ಕಿಂತ ಆ ಗೆರೆಯೇ ಹೆಚ್ಚು ಪ್ರಿಯ. ಎರಡೂವರೆ ಶತಮಾನದ ಹಿಂದಿನ ಕೂಲಿಯವನೊಬ್ಬನ ಕೈಗುರುತು ಅದು.

ಬಳಿಕ ಬೊಂಬೆಯ ಬೆರಳು ಮತ್ತು ಅದರ ಕೈಯಲ್ಲಿನ ಉಪಕರಣ. ಮೊದಲು ಮುರಿಯುವುದು ಇವೇ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಾಯಿಸಿ. ರಿಪೇರಿಯಲ್ಲಿ ಬಳಿದ ಬಣ್ಣ ಸುತ್ತಲಿನ ಮೆರುಗಿಗಿಂತ ಬೇರೆಯಾಗಿ ಹೊಳೆಯುವುದುಂಟು.

ಪೀಠವೂ ಕಾಲವನ್ನು ಹೇಳುತ್ತದೆ. 1740ರ ದಶಕದಲ್ಲಿ ಹೂ, ಎಲೆ ಅಂಟಿಸಿದ ಸರಳ ದಿಬ್ಬ. 1750ರ ದಶಕದಲ್ಲಿ ಚಿನ್ನದ ಅಂಚಿನ ಸುರುಳಿಗಳು ಹೆಚ್ಚಾದವು. ಕೊನೆಗೆ ಮುದ್ರೆ: ಕತ್ತಿಗಳ ಹಿಡಿಗಳ ನಡುವೆ ಚುಕ್ಕೆಯಿದ್ದರೆ 1763ರ ನಂತರದ್ದೆಂದೂ, ನಕ್ಷತ್ರವಿದ್ದರೆ 1774ರ ನಂತರದ್ದೆಂದೂ ತಿಳಿಯಬಹುದು. ಬೇರೆ ಜರ್ಮನ್ ಕಾರ್ಖಾನೆಗಳ ಮುದ್ರೆಯೂ ಇರಬಹುದು: ಚಕ್ರ ಕಂಡರೆ ಹೋಯೆಕ್ಸ್ಟ್, ಒತ್ತಿದ ಗುರಾಣಿ ಕಂಡರೆ ನಿಂಫೆನ್‌ಬುರ್ಗ್.

ರೈತ ಬೊಂಬೆ ತೊಟ್ಟ ಬಟ್ಟೆಯ ಮೇಲೆ ಕೊಳೆಯೇ ಇಲ್ಲವಲ್ಲ ಎಂದು ಆಶ್ಚರ್ಯಪಡಬೇಡಿ. ಮೊದಲು ಸಕ್ಕರೆ ಬೊಂಬೆಗಳಿಂದ ಅಲಂಕರಿಸುತ್ತಿದ್ದ ಅರಮನೆಯ ಊಟದ ಮೇಜಿಗೇ ಇವೂ ಬಂದವು. ಮೈಸನ್ ಇದ್ದ ಸ್ಯಾಕ್ಸನಿಯ ರಾಜಧಾನಿ ಡ್ರೆಸ್ಡೆನ್‌ನ ಆಸ್ಥಾನದ ಶ್ರೀಮಂತರು ಹಬ್ಬಗಳಲ್ಲಿ ತಾವೇ ರೈತರ ವೇಷ ಹಾಕುತ್ತಿದ್ದರು.

ಕೊಳ್ಳುವುದಾದರೆ, ಬೆರಳು ಮುರಿದು ಹಾಗೆಯೇ ಉಳಿದದ್ದನ್ನು ಆರಿಸಿ. ಮೈತುಂಬ ಬಣ್ಣ ಬಳಿದು ಸರಿಮಾಡಿದ ಬೊಂಬೆಯಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂದು ಬಿಡಿಸಿ ಹೇಳುವುದು ನನ್ನಂಥವರಿಗೂ ಕಷ್ಟ.