ರಾಯಚೂರು ಕಾಳಗದ ಕಾಲಾಳು: ಅಂಗಿ, ಢಾಲು, ಕತ್ತಿ ಹೊಂದಿಸಿದ ಬಗೆ

ಉತ್ಸವದ ಮೆರವಣಿಗೆಗಳಲ್ಲಿ ವಿಜಯನಗರದ ಸೈನಿಕನಾಗಿ ನಿಲ್ಲುವವನ ಮೈಮೇಲೆ ಸಾಮಾನ್ಯವಾಗಿ ಕಾಣುವುದು ಕೆಂಪು ಮಖಮಲ್ಲಿನ ಅಂಗಿ, ಅದಕ್ಕೆ ಹೊಳೆಯುವ ಜರಿಪಟ್ಟಿ, ತಲೆಗೆ ರಟ್ಟಿನ ಕಿರೀಟ, ಕೈಯಲ್ಲಿ ಬೆಳ್ಳಿ ಬಣ್ಣ ಬಳಿದ ತಗಡಿನ ಕತ್ತಿ. ನಾಟಕದ ಉಡುಪು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಸಿಗುವುದು ಇದೇ. ಬಯಲಾಟಕ್ಕೂ ಕಂಪನಿ ನಾಟಕಕ್ಕೂ ಆ ಉಡುಪು ಒಪ್ಪುತ್ತದೆ. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಪಾತ್ರ ಎದ್ದು ಕಾಣಲಿ ಎಂದೇ ಅದನ್ನು ರೂಪಿಸಿದ್ದಾರೆ. ಆದರೆ 1520ರ ಬೇಸಿಗೆಯಲ್ಲಿ ಕೃಷ್ಣದೇವರಾಯನ ದಂಡಿನೊಂದಿಗೆ ರಾಯಚೂರಿಗೆ ನಡೆದುಹೋದ ಕಾಲಾಳಿಗೆ ಅದು ಸಲ್ಲದು. ನಾನು ಗಂಗಾವತಿಯವನು. ಆ ಕಾಲಾಳಿನ ಉಡುಪನ್ನೂ ಆಯುಧಗಳನ್ನೂ ಆದಷ್ಟು ನಿಜಕ್ಕೆ ಹತ್ತಿರವಾಗಿ ಹೊಂದಿಸಬೇಕೆಂದು ಹೊರಟೆ. ಬೇಕಾದ ಕೈಗಳೆಲ್ಲ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲೇ ಸಿಕ್ಕವು. ಅವರಿಗೆ ಏನು ಬೇಕೆಂದು ಸರಿಯಾಗಿ ಹೇಳುವಷ್ಟು ತಿಳಿವಳಿಕೆ ಮಾತ್ರ ನಾವೇ ಮೊದಲು ಸಂಪಾದಿಸಿಕೊಳ್ಳಬೇಕು.

ಆ ತಿಳಿವಳಿಕೆಗೆ ಎರಡು ದಾರಿಗಳಿವೆ. ಒಂದು, ಆ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸರ ಬರಹ. ರಾಯಚೂರಿನ ಕಾಳಗವನ್ನು ನೂನಿಜ್ ವಿವರವಾಗಿ ಬರೆದಿದ್ದಾನೆ. ಮಹಾನವಮಿಯ ದಂಡಿನ ತಪಾಸಣೆಯನ್ನು ಕಣ್ಣಾರೆ ಕಂಡ ಪಾಯೆಸ್, ಕೋವಿ ಹಿಡಿದವರ ದಪ್ಪ ಅಂಗಿ, ಬಿದಿರಿನ ಭರ್ಜಿ, ಹುಲಿ ಮತ್ತು ಹೂವಿನ ಚಿತ್ರಗಳಿದ್ದ ಢಾಲುಗಳು, ಕನ್ನಡಿಯಂತೆ ಮುಖ ಕಾಣುವಷ್ಟು ಉಜ್ಜಿದ ಕಪ್ಪು ಢಾಲುಗಳು, ಎಲ್ಲವನ್ನೂ ದಾಖಲಿಸಿದ್ದಾನೆ. ಈ ಇಬ್ಬರ ಬರಹಗಳನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದ ರಾಬರ್ಟ್ ಸೆವೆಲ್ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವನು. ಎರಡನೆಯ ದಾರಿ ಹೊಳೆಯಾಚೆ ಹಂಪಿಯಲ್ಲೇ ಇದೆ. ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಆನೆ, ಕುದುರೆ, ಕಾಲಾಳುಗಳ ಸಾಲುಗಳನ್ನು ಕಡೆದಿದ್ದಾರೆ. ಅಲ್ಲಿಗೆ ಬೆಳಿಗ್ಗೆ ಅಥವಾ ಸಂಜೆ ಹೋಗಬೇಕು. ನಡು ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಕೆತ್ತನೆಯ ಗೆರೆಗಳು ಮಾಯವಾಗುತ್ತವೆ. ಓರೆ ಬಿಸಿಲು ಬಿದ್ದಾಗ ಸೊಂಟದ ಪಟ್ಟಿ ಎಲ್ಲಿ ಕಟ್ಟಿದೆ, ಢಾಲಿನ ಅಂಚು ಎಷ್ಟು ಬಾಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಅಂಗಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ದುಡಿಮೆ ಬೇಡುವುದು ಅದೇ. ಹಲವು ಪದರ ಹತ್ತಿಬಟ್ಟೆಯನ್ನು ಒತ್ತೊತ್ತಾಗಿ ಹೊಲಿದರೆ ಅದೇ ಕಾಲಾಳಿನ ಕವಚ. ಕುದುರೆಯವರ ಅಂಗಿಗಳಲ್ಲಿ ಚರ್ಮದ ಪದರಗಳೂ ಕಬ್ಬಿಣದ ತುಂಡುಗಳೂ ಇದ್ದವೆಂದು ಪಾಯೆಸ್ ಬರೆದಿದ್ದಾನೆ. ನನ್ನ ಕಾಲಾಳಿಗೆ ಹತ್ತಿಯೊಂದೇ ಸಾಕೆಂದು ನಿರ್ಧರಿಸಿದೆ. ಇಂಥ ಹೊಲಿಗೆಗೆ ನಮ್ಮ ಸೀಮೆಯಲ್ಲಿ ಯಾರನ್ನು ಕೇಳಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ: ಕೌದಿ ಹೊಲಿಯುವ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ. ನಮ್ಮ ಓಣಿಯ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಚಿತ್ರ ತೋರಿಸಿ, "ಅವ್ವಾ, ಇದನ್ನು ಕೌದಿಯ ಹಾಗೆ ಹೊಲಿಯಲಾದೀತೇ?" ಎಂದು ಕೇಳಿದೆ. ಬಹಳ ಹೊತ್ತು ನೋಡಿ, "ಹೊಸ ಬಟ್ಟೆ ತರಬೇಡ ತಮ್ಮಾ. ಹೊಸದು ನೀರು ಕಂಡರೆ ಕುಗ್ಗುತ್ತದೆ, ಹೊಲಿಗೆಯೆಲ್ಲ ಮುದುಡಿ ಹೋಗುತ್ತದೆ. ಒಗೆದು ಒಗೆದು ಮೆತ್ತಗಾದ ಧೋತರ ಎಷ್ಟಿದ್ದರೂ ತಾ" ಎಂದರು.

ಹಾಗೆಯೇ ಮಾಡಿದೆವು. ಒಳಪದರಗಳಿಗೆಲ್ಲ ಹಳೆಯ ಧೋತರ, ಹೊರಪದರಕ್ಕೆ ಮಾತ್ರ ಒಗೆದು ಗಂಜಿ ಬಿಡಿಸಿದ ದಪ್ಪ ಖಾದಿ. ಎದೆಗೂ ಭುಜಕ್ಕೂ ಹನ್ನೆರಡು ಪದರ, ಕಂಕುಳಿನ ಸುತ್ತ ಐದಾರು. ಅಲ್ಲಿಯೂ ಹನ್ನೆರಡು ಹಾಕಿದರೆ ತೋಳು ಮೇಲೇಳುವುದಿಲ್ಲ. ಬೆನ್ನು, ಎಡ ಎದೆ, ಬಲ ಎದೆ, ತೋಳುಗಳು, ಹೀಗೆ ಭಾಗಗಳನ್ನು ಬೇರೆ ಬೇರೆಯಾಗಿ ಹೊಲಿದು ಆಮೇಲೆ ಜೋಡಿಸಬೇಕು. ಪ್ರತಿ ಭಾಗವನ್ನೂ ಬೇಕಾದ ಅಳತೆಗಿಂತ ಎರಡು ಅಂಗುಲ ದೊಡ್ಡದಾಗಿ ಇಟ್ಟುಕೊಂಡು, ಸಾಲು ಹೊಲಿಗೆ ಪೂರ್ತಿಯಾದ ಮೇಲೆಯೇ ಕತ್ತರಿ ಹಾಕಬೇಕು, ಏಕೆಂದರೆ ದಾರ ಎಳೆದಂತೆಲ್ಲ ಬಟ್ಟೆ ಒಳಗೆ ಸೇರುತ್ತ ಬರುತ್ತದೆ. ಅಜ್ಜಿ ದಾರವನ್ನು ಜೇನುಮೇಣದ ಉಂಡೆಯ ಮೇಲೆ ಒಮ್ಮೆ ಎಳೆದು ಸೂಜಿಗೆ ಪೋಣಿಸುತ್ತಿದ್ದರು. ಎಡಗೈಯ ಹೆಬ್ಬೆರಳು ಪದರಗಳನ್ನು ಒತ್ತಿ ಹಿಡಿದಿರುತ್ತಿತ್ತು. ಬಲಗೈ ನಾಲ್ಕು ಹೊಲಿಗೆಗಳನ್ನು ಒಟ್ಟಿಗೆ ಸೂಜಿಯ ಮೇಲೆ ತುಂಬಿಕೊಂಡು ಒಮ್ಮೆಗೇ ಎಳೆಯುತ್ತಿತ್ತು. ಸಾಲಿನಿಂದ ಸಾಲಿಗೆ ಒಂದು ಬೆರಳಗಲಕ್ಕಿಂತ ಹೆಚ್ಚು ಜಾಗ ಬಿಡಲಿಲ್ಲ. ಗೆರೆ ಎಳೆದುಕೊಡಲೇ ಎಂದರೆ ಬೇಡವೆಂದರು.

ಭಾಗಗಳನ್ನು ಜೋಡಿಸುವ ಕೆಲಸ ಕೈಗೂ ಮನೆಯ ಹೊಲಿಗೆ ಯಂತ್ರಕ್ಕೂ ಆಗದು. ಎರಡು ಅಂಚು ಸೇರಿದ ಕಡೆ ಇಪ್ಪತ್ತಕ್ಕೂ ಹೆಚ್ಚು ಪದರಗಳಾಗುತ್ತವೆ. ಇದಕ್ಕೆ ಬಳ್ಳಾರಿಗೆ ಹೋದೆ. ಜೀನ್ಸ್ ಹೊಲಿಯುವ ಊರದು; ದಪ್ಪ ಬಟ್ಟೆಗೆಂದೇ ಇರುವ ಯಂತ್ರಗಳೂ ಗಟ್ಟಿ ಸೂಜಿಗಳೂ ಅಲ್ಲಿನ ಚಿಕ್ಕ ಚಿಕ್ಕ ಘಟಕಗಳಲ್ಲೂ ಇವೆ. ಒಂದು ಘಟಕದವರು ಊಟದ ಬಿಡುವಿನಲ್ಲಿ ಜೋಡಿಸಿಕೊಟ್ಟರು. ಹೊರಗೆ ಕಾಣುವ ಅಂಚುಗಳನ್ನೆಲ್ಲ ಆಮೇಲೆ ಕೈಯಿಂದಲೇ ಮಡಿಸಿ ಹೊಲಿಸಿದೆ, ಯಂತ್ರದ ಹೊಲಿಗೆ ಎಲ್ಲೂ ಕಣ್ಣಿಗೆ ಬೀಳಬಾರದು. ಗುಂಡಿಗಳಿಲ್ಲ. ಕಸೆ ಅಂಗಿಗೆ ಇರುವಂತೆ ಬಟ್ಟೆಯ ಕಸೆಗಳೇ. ಒಟ್ಟು ತೂಕ ಮೂರು ಕಿಲೊ ಚಿಲ್ಲರೆ.

ಬಣ್ಣಕ್ಕೆ ಗ್ರಂಥಿಗೆ ಅಂಗಡಿ ಸಾಕು. ಹೊರಪದರದ ಖಾದಿಯನ್ನು ಹೊಲಿಯುವ ಮೊದಲೇ ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಪಟಿಕದ ನೀರಿಗೆ ಹಾಕಿ, ಮಂಜಿಷ್ಠದ ಬೇರಿನಲ್ಲಿ ಕುದಿಸಿದೆ. ಇಟ್ಟಿಗೆಯ ಕೆಂಪು ಬಂತು. ಅಂಗಡಿಯ ಬಣ್ಣದ ಪುಡಿಯಿಂದ ಇಂಥ ಕೆಂಪು ಬರುವುದಿಲ್ಲ, ಬಿಸಿಲಿನಲ್ಲಿ ನಿಂತಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಸೊಂಟದ ಪಟ್ಟಿಗೆ ಕಪ್ಪು ಬೇಕಿತ್ತು. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿ, ಅಳಲೆಕಾಯಿ ಹೀರಿದ ಬಟ್ಟೆಯನ್ನು ಅದರಲ್ಲಿ ಅದ್ದಿದರೆ ಕಣ್ಣೆದುರೇ ಕಪ್ಪಾಗುತ್ತದೆ. ತಲೆಗೆ ರುಮಾಲು. ಎತ್ತರದ ಕುಲ್ಲಾಯಿ ಟೋಪಿ ರಾಜನಿಗೂ ನಾಯಕರಿಗೂ ಸೇರಿದ್ದು, ಅದನ್ನು ಕಾಲಾಳಿನ ತಲೆಗೆ ಏರಿಸಬಾರದೆಂಬುದು ನನ್ನ ಪಟ್ಟು. ಸಿದ್ಧ ಪೇಟವನ್ನಂತೂ ಮುಟ್ಟಲೇಬೇಡಿ. ಕಾಲಿಗೆ ಏನೂ ಇಲ್ಲ; ರಾಜನೇ ಬರಿಗಾಲಿನಲ್ಲಿದ್ದನೆಂದು ಪಾಯೆಸ್ ಬರೆದಿರುವಾಗ ಆಳಿಗೆ ಮೆಟ್ಟು ಏಕೆ?

ಢಾಲುಗಳನ್ನು ಎರಡು ಮಾಡಿಸಿದ್ದೇನೆ, ಕೈ ಬೀಸುವ ಅಭ್ಯಾಸಕ್ಕೆ ಒಂದು, ಮೆರವಣಿಗೆಗೆ ಒಂದು. ಮೊದಲನೆಯದು ಹದ ಮಾಡಿದ ದಪ್ಪ ಎಮ್ಮೆಚರ್ಮದ್ದು. ಚರ್ಮವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮದುವೆ ಅಡುಗೆಯ ದೊಡ್ಡ ಕಡಾಯಿಯನ್ನು ಬೋರಲು ಹಾಕಿ ಅದರ ಮೇಲೆ ಎಳೆದು, ಸುತ್ತ ಹಗ್ಗದಿಂದ ಬಿಗಿದು ನೆರಳಿನಲ್ಲಿ ಒಣಗಿಸಿದೆವು. ಬಿಸಿಲಿಗೆ ಇಟ್ಟರೆ ಸುರುಟಿ ಬಿರಿಯುತ್ತದೆ. ನಮ್ಮ ದೇಶದ ಹಳೆಯ ಢಾಲುಗಳ ಮುಂಭಾಗದಲ್ಲಿ ನಾಲ್ಕು ಗುಬುಟುಗಳಿರುವುದನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಿರುತ್ತೀರಿ. ಅವು ಕೇವಲ ಅಲಂಕಾರಕ್ಕಲ್ಲ. ಹಿಂಬದಿಯ ಎರಡು ಹಿಡಿಕೆಗಳನ್ನು ಬಿಗಿದ ನಾಲ್ಕು ರಿವೆಟ್ಟುಗಳ ತಲೆಯನ್ನು ಅವು ಮುಚ್ಚುತ್ತವೆ. ಆ ಹಿಡಿಕೆಗಳ ನಡುವೆ, ಬೆರಳ ಗೆಣ್ಣುಗಳು ತಾಗುವ ಕಡೆ, ಹತ್ತಿ ತುಂಬಿದ ಚಿಕ್ಕ ಗಾದಿ ಇರಲೇಬೇಕು. ಅದಿಲ್ಲದಿದ್ದರೆ ಎದುರಿನವನ ಪೆಟ್ಟು ಢಾಲಿಗೆ ಬಿದ್ದರೂ ನೋವು ಕೈಗೇ.

ಮೆರವಣಿಗೆಯ ಢಾಲಿಗೆ ಕಿನ್ನಾಳಕ್ಕೆ ಹೋದೆ. ಕೊಪ್ಪಳದ ಹತ್ತಿರದ ಈ ಊರಿನ ಚಿತ್ರಗಾರರು ಗೊಂಬೆಗಳಿಗೂ ದೇವರ ಮೂರ್ತಿಗಳಿಗೂ ಹೆಸರಾದವರು. ಮೇದಾರರು ಹೆಣೆದುಕೊಟ್ಟ ಬಿದಿರಿನ ಹರಿವಾಣದಂಥ ಚೌಕಟ್ಟಿನ ಮೇಲೆ ಬಟ್ಟೆ ಅಂಟಿಸಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ, ಕಿಟ್ಟ ಎಂದು ಅವರು ಕರೆಯುವ ಮುದ್ದೆಯನ್ನು ಮೆತ್ತಿ, ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿದರು. ಅದರ ಮೇಲೆ ಹುಲಿ ಮತ್ತು ಹೂವು, ಲಾಜವರದ ಬೆಳ್ಳಿ ಹೊಳಪಿನಲ್ಲಿ. ಲೋಹವನ್ನು ಅಂಟಿನೊಂದಿಗೆ ಅರೆದು ಬಳಿದು ಉಜ್ಜಿದಾಗ ಹೊಮ್ಮುವ ಈ ಹೊಳಪು ಯಾವ ಸ್ಪ್ರೇ ಬಣ್ಣದಿಂದಲೂ ಬರದು. ಪಾಯೆಸ್ ಕಂಡ ಬೆಳ್ಳಿಯ ಢಾಲುಗಳನ್ನು ಇಂದು ನೆನಪಿಗೆ ತರಬಲ್ಲ ಕೈಗಳು ಕೊಪ್ಪಳ ಜಿಲ್ಲೆಯಲ್ಲಿವೆ. ಉತ್ಸವ ನಡೆಸುವವರು ರಟ್ಟಿನ ಢಾಲುಗಳನ್ನು ಹೊರಗಿನಿಂದ ತರಿಸುವ ಬದಲು ಇವರಿಗೆ ಕೆಲಸ ಕೊಡಬೇಕೆಂದು ನಾನು ಸಿಕ್ಕ ಕಡೆಯಲ್ಲೆಲ್ಲ ಹೇಳುತ್ತೇನೆ.

ಕತ್ತಿಗೆ ಕಂಬಾರರ ಕುಲುಮೆ. ಕುಡುಗೋಲು, ಕೊಡಲಿ ಮಾಡಲು ಅವರು ಬಳಸುವ ಲಾರಿಯ ಕಮಾನುಪಟ್ಟಿಯೇ ಕತ್ತಿಗೂ ಒದಗುತ್ತದೆ, ಅದಿರು ಸಾಗಿಸುವ ನಮ್ಮ ಸೀಮೆಯಲ್ಲಿ ಗುಜರಿಯವರ ಬಳಿ ಅದಕ್ಕೆ ಕೊರತೆಯಿಲ್ಲ. ಎರಡು ಮಾತು ಕಂಬಾರರಿಗೆ ಒತ್ತಿ ಹೇಳಬೇಕು. ಅಂಚು ಎರಡು ಮಿಲಿಮೀಟರ್ ದಪ್ಪ ಉಳಿಯಬೇಕು, ತುದಿ ಗುಂಡಗಿರಬೇಕು. ಇನ್ನೊಂದು, ಅಲಗನ್ನು ಹಿಡಿಗೆ ವೆಲ್ಡಿಂಗ್ ಮಾಡಕೂಡದು, ಪೆಟ್ಟಿಗೆ ಅಲ್ಲಿಯೇ ಮುರಿದು ಹಾರುತ್ತದೆ. ಹಳೆಯ ಕತ್ತಿಗಳಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಅರಗು ತುಂಬಿ ಕೂರಿಸುತ್ತಿದ್ದರು. ಅಭ್ಯಾಸದ ಕತ್ತಿಯಲ್ಲಿ ನಾನು ಬಾಲವನ್ನು ಹಿಡಿಯ ಕೊನೆಯವರೆಗೂ ತಂದು ರಿವೆಟ್ ಮಾಡಿಸಿದ್ದೇನೆ. ಭರ್ಜಿ ಸುಲಭ: ಗಟ್ಟಿ ಬಿದಿರು, ತುದಿಗೆ ಮರದ ಅಲಗು. ಕೋವಿಯನ್ನು ಮರದ ಆಕಾರವಾಗಿ ಮಾತ್ರ ಮಾಡಿಸಿ, ಅದಕ್ಕಿಂತ ಮುಂದೆ ಹೋಗಬೇಡಿ.

ಕಾನೂನನ್ನು ಕಡೆಗಣಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ 2016ರ ನಿಯಮಗಳು ಕತ್ತಿ, ಕಠಾರಿ, ಭರ್ಜಿಗಳನ್ನೂ ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಅಲಗು ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದರೆ ಅದು ಆ ಲೆಕ್ಕಕ್ಕೆ ಬರುತ್ತದೆ. ಮೊಂಡು ಕತ್ತಿಯಾದರೂ ಸರಿ, ಮಾಡಿಸುವ ಮೊದಲೇ ಪೊಲೀಸ್ ಠಾಣೆಗೆ ಹೋಗಿ ಚಿತ್ರ ಸಮೇತ ಅರ್ಜಿ ಕೊಟ್ಟು, ಅವರು ಹೇಳಿದಂತೆ ನಡೆಯಿರಿ. ಸ್ವೀಕೃತಿಯ ಪ್ರತಿಯನ್ನು ಕತ್ತಿಯ ಜೊತೆಗೇ ಇಡಿ. ಬಸ್ಸಿನಲ್ಲಿ ಒಯ್ಯುವಾಗ ಬಟ್ಟೆ ಸುತ್ತಿ ಚೀಲದಲ್ಲಿ ಕಟ್ಟಿರಲಿ. ಸ್ಮಾರಕಗಳ ಆವರಣದಲ್ಲಿ ಪ್ರದರ್ಶನ ಮಾಡುವುದಾದರೆ ಸಂಬಂಧಪಟ್ಟ ಇಲಾಖೆಯ ಅನುಮತಿ ಬೇರೆಯೇ ಬೇಕು.

ರಾಯಚೂರಿನ ಕಾಳಗ ನಡೆದದ್ದು ಮೇ ತಿಂಗಳಿನಲ್ಲಿ. ಆ ಬಿಸಿಲು ಎಂಥದ್ದೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಅಂಗಿ ತೊಟ್ಟು ನಿಂತ ಸ್ವಲ್ಪ ಹೊತ್ತಿನಲ್ಲೇ ಒಳಪದರ ಬೆವರಿನಿಂದ ಒದ್ದೆಯಾಗುತ್ತದೆ. ಗಾಳಿ ಆಡಿದರೆ ಆ ಒದ್ದೆಯೇ ತಂಪು ಕೊಡುತ್ತದೆ, ಗಾಳಿ ನಿಂತರೆ ಉಸಿರು ಕಟ್ಟುತ್ತದೆ. ಉಪ್ಪು ಹಾಕಿದ ಮಜ್ಜಿಗೆಯನ್ನು ಸೋರೆಬುರುಡೆಯಲ್ಲಿ ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುತ್ತೇನೆ. ಹೊಸಬರು ಮೊದಲು ಚಳಿಗಾಲದಲ್ಲಿ ತೊಟ್ಟು ನಡೆದು ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಬಳಸಿದ ಅಂಗಿಯನ್ನು ಪದೇ ಪದೇ ಒಗೆಯಬೇಡಿ. ಒಳಭಾಗ ಹೊರಗೆ ಮಾಡಿ ಬಿಸಿಲಿಗೆ ಹಾಕಿ, ಬೇವಿನ ಎಲೆಯೊಂದಿಗೆ ಮಡಿಸಿಡಿ.

ಈಗ ಕೈಯಲ್ಲಿರುವುದು ಎದುರಾಳಿಯ ಉಡುಪು. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಕಡೆಯ ಸೈನಿಕನಿಲ್ಲದೆ ಆ ಕಾಳಗವನ್ನು ತೋರಿಸುವುದು ಅರ್ಧ ಮಾತ್ರ. ಅವನ ಉಡುಪಿಗೂ ಇಷ್ಟೇ ಶ್ರದ್ಧೆ ಸಲ್ಲಬೇಕು. ಅವನಿಗೆ ಕಬ್ಬಿಣದ ಬಳೆಗಳ ಜಾಲರಿ ಅಂಗಿ ಹೆಣೆಯುತ್ತಿದ್ದೇನೆ. ತಂತಿಯನ್ನು ಸರಳಿಗೆ ಸುರುಳಿಯಾಗಿ ಸುತ್ತಿ, ಕತ್ತರಿಸಿ, ಒಂದೊಂದು ಬಳೆಯನ್ನೂ ಅಕ್ಕಪಕ್ಕದ ನಾಲ್ಕು ಬಳೆಗಳಿಗೆ ಕೊಂಡಿ ಹಾಕಿ ಇಕ್ಕಳದಿಂದ ಬಾಯಿ ಮುಚ್ಚಬೇಕು. ಭುಜದಿಂದ ಎದೆಯ ನಡುವಿನವರೆಗೆ ಬಂದಿದೆ.