ಚೀಟಿ ಡಬ್ಬಿ, ಹದಿನೈದು ದಿನ, ಆರುನೂರು ರೂಪಾಯಿ

ಕಲಿಯಬೇಕೆನಿಸಿದ ವಿಷಯಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು, ಒಂದು ಎತ್ತಿ ಹದಿನೈದು ದಿನ ಅದನ್ನೇ ಕಲಿಯುವುದು, ಇದು ನನ್ನ ಪದ್ಧತಿ. ಹೀಗೆ ಮಾಡುತ್ತೇನೆ ಎಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಎಲ್ಲದಕ್ಕೂ ಕೈ ಹಾಕಿದರೆ ಒಂದೂ ನೆಟ್ಟಗಾಗುದಿಲ್ಲ ಮಾರಾಯ್ರೆ." ಈಗ ಮೂರು ವರ್ಷ ಆಯಿತು. ಎತ್ತಿದ ಚೀಟಿ 40ರ ಮೇಲೆ. ಮುಗಿದದ್ದು 29, ಅರ್ಧಕ್ಕೆ ಬಿಟ್ಟದ್ದು ಏಳೋ ಎಂಟೋ, ಉಳಿದವು ಮತ್ತೆ ಡಬ್ಬಿಗೆ ಹೋದವು. ಖರ್ಚು ಒಟ್ಟು 26 ಸಾವಿರದ ಆಸುಪಾಸು, ಅದರಲ್ಲಿ 11 ಸಾವಿರ ಶುದ್ಧ ದಂಡ. ಮುಗಿದದ್ದು ಎಂದರೆ ಪುಸ್ತಕ ಓದಿ ಮುಗಿಸಿದ್ದಲ್ಲ. ನಾನೇ ಅಳೆದ ಒಂದು ಸಂಖ್ಯೆಯೋ ಮಾಡಿದ ಒಂದು ವಸ್ತುವೋ ಕೈಗೆ ಬರಬೇಕು, ಆಗ ಮಾತ್ರ ಚೀಟಿ ಹರಿಯುವುದು.

ಮೊದಲ ಆರು ತಿಂಗಳು ಪದ್ಧತಿ ಕೆಟ್ಟದ್ದು ಚೀಟಿ ಬರೆದ ರೀತಿಯಿಂದ. "ಭೂವಿಜ್ಞಾನ", "ಖಗೋಳ", "ಲಿಪಿಶಾಸ್ತ್ರ" ಎಂದು ಬರೆದಿದ್ದೆ. ಅಂಥ ಚೀಟಿಗೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಹದಿನೈದನೇ ದಿನಕ್ಕೆ ವಿಡಿಯೊ ನೋಡಿದ್ದೇ ಉಳಿಯುತ್ತದೆ. ಈಗ ಚೀಟಿಯಲ್ಲಿ ಒಂದು ಪ್ರಶ್ನೆ, ಒಂದು ಜಾಗ, ಒಂದು ಅಳತೆ, ಮೂರೂ ಇರಲೇಬೇಕು. "ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲಿಗೆ ಎಷ್ಟು ಮೂಲೆ, ನೂರು ಕಂಬ ಎಣಿಸು." "ಹಳೆ ಹಂಚು ಎಷ್ಟು ನೀರು ಕುಡಿಯುತ್ತದೆ." ಇಷ್ಟು ಬರೆಯಲಾಗದಿದ್ದರೆ ಆ ವಿಷಯ ಡಬ್ಬಿಗೆ ಬೀಳುವುದಿಲ್ಲ.

ದಿನಕ್ಕೆ 25 ನಿಮಿಷ. ಇದು ಪಿಗ್ಮಿ ಲೆಕ್ಕ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಬ್ಯಾಂಕಿನವರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಎತ್ತಲು ಶುರು ಮಾಡಿದ್ದು ಯಾಕೆಂದರೆ, ತಿಂಗಳಿಗೊಮ್ಮೆ ಕೇಳಿದರೆ ಜನರ ಕೈಯಲ್ಲಿ ದುಡ್ಡು ಉಳಿದಿರುವುದಿಲ್ಲ. ಸಮಯವೂ ಹಾಗೆಯೇ. ತಪ್ಪಿದ ದಿನದ್ದನ್ನು ಮರುದಿನ ಸೇರಿಸಿ 50 ನಿಮಿಷ ಕೂರುವುದಿಲ್ಲ. ಹಾಗೆ ಮಾಡಿದ ಮೂರು ಚೀಟಿಗಳೂ ಬಿದ್ದುಹೋದವು. ಭಾನುವಾರ ಮಾತ್ರ ಅರ್ಧ ದಿನ, ಹೊರಗಿನ ಕೆಲಸಕ್ಕೆ. ಚೀಟಿಗೆ 600 ರೂಪಾಯಿ ಮಿತಿ, ಬಸ್ಸು, ಬೋಟು, ಸಾಮಾನು ಎಲ್ಲ ಸೇರಿ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಭೂಮಿಯ ಸುತ್ತಳತೆಯ ಚೀಟಿ. ಎರಡು ಊರಲ್ಲಿ ಮಧ್ಯಾಹ್ನದ ನೆರಳು ಅಳೆದರೆ ಸೂರ್ಯನ ಕೋನದ ವ್ಯತ್ಯಾಸ ಸಿಗುತ್ತದೆ; ಅದು 360 ಡಿಗ್ರಿಯಲ್ಲಿ ಎಷ್ಟನೇ ಪಾಲೋ, ಊರುಗಳ ಉತ್ತರ-ದಕ್ಷಿಣ ಅಂತರ ಭೂಮಿಯ ಸುತ್ತಳತೆಯಲ್ಲಿ ಅಷ್ಟನೇ ಪಾಲು. ಮಂಗಳೂರು ಮತ್ತು ಉಡುಪಿಯ ನಡುವೆ ಅದನ್ನು ಮಾಡಹೊರಟರೆ ಎಲ್ಲೆಲ್ಲಿ ಕಾಲು ಜಾರುತ್ತದೆ ಎಂಬುದಷ್ಟನ್ನು ಹೇಳುತ್ತೇನೆ.

ಎರಡು ಊರಿನ ಅಕ್ಷಾಂಶದ ವ್ಯತ್ಯಾಸ ಅರ್ಧ ಡಿಗ್ರಿಗೂ ಸ್ವಲ್ಪ ಕಮ್ಮಿ, 0.47ರಷ್ಟು. ಮಾರ್ಚಿನಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿದರೆ ನೆರಳಿನ ವ್ಯತ್ಯಾಸ 8-9 ಮಿ.ಮೀ. ಆದರೆ ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ನೆರಳಿನ ತುದಿಯ ಮಸುಕೇ 9 ಮಿ.ಮೀ. ಇರುತ್ತದೆ. ಅಳೆಯಬೇಕಾದ ಸಂಗತಿ ಮಸುಕಿನೊಳಗೇ ಮುಳುಗಿಹೋಯಿತು. ಮೊದಲ ಸಲದ ಉತ್ತರ 70 ಸಾವಿರ ಕಿ.ಮೀ. ಚಿಲ್ಲರೆ ಬಂತು, ಎರಡನೇ ಸಲ 22 ಸಾವಿರ.

ಎರಡನೇ ತಪ್ಪು ತಾರಸಿಯದ್ದು. ನಮ್ಮ ಕಡೆ ಮಳೆನೀರು ಹರಿಯಲೆಂದು ತಾರಸಿಗೆ ಇಳಿಜಾರು ಕೊಟ್ಟೇ ಕೊಡುತ್ತಾರೆ. ನೂರಕ್ಕೆ ಒಂದರ ಇಳಿಜಾರು ಎಂದರೂ 0.57 ಡಿಗ್ರಿ ಆಯಿತು, ನಾವು ಹುಡುಕುತ್ತಿರುವ ಕೋನಕ್ಕಿಂತ ಹೆಚ್ಚು! ನೆಲಕ್ಕೆ ಮೂಲೆಮಟ್ಟ ಇಟ್ಟು ಕೋಲು ನಿಲ್ಲಿಸಿದರೆ ಆ ಇಳಿಜಾರು ಇಡಿಯಾಗಿ ಉತ್ತರದೊಳಗೆ ಬಂದು ಕೂರುತ್ತದೆ. ಗಾರೆಯವರ ತೂಗುಗುಂಡು ಇಳಿಬಿಟ್ಟು, ಅದರ ಮೊನೆ ನೆಲಕ್ಕೆ ತಾಗುವಲ್ಲಿಂದ ಅಳೆಯಬೇಕು.

ಮೂರನೆಯದು ಒಬ್ಬರೇ ಮಾಡುವವರಿಗೆ ಕಾದಿರುವ ಗುಂಡಿ. ಇವತ್ತು ಮಂಗಳೂರು, ನಾಳೆ ಉಡುಪಿ ಎಂದು ಮಾರ್ಚಿನಲ್ಲಿ ಹೊರಟರೆ, ಆ ಒಂದು ದಿನದಲ್ಲಿ ಸೂರ್ಯನೇ 0.4 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಎರಡು ಊರಿನ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ!

ಸರಿಹೋದದ್ದು ಹೀಗೆ: ಡಿಸೆಂಬರ್ 21 ಮತ್ತು 22. ಆ ದಿನಗಳಲ್ಲಿ ಸೂರ್ಯ ದಕ್ಷಿಣದ ತುದಿಯಲ್ಲಿ ನಿಂತ ಹಾಗೇ ಇರುತ್ತಾನೆ, ದಿನದಿಂದ ದಿನಕ್ಕೆ ಲೆಕ್ಕಕ್ಕೆ ಬರುವಷ್ಟು ಸರಿಯುವುದಿಲ್ಲ. ಆಕಾಶವೂ ಶುಭ್ರ. ಕೋಲಿನ ಬದಲು ತಗಡಿನಲ್ಲಿ 5 ಮಿ.ಮೀ. ತೂತು ಕೊರೆದು 3 ಮೀಟರ್ ಎತ್ತರದಲ್ಲಿ ಕಟ್ಟಿದೆ. ತಗಡು ನೆಲಕ್ಕೆ ಸಮಾನಾಂತರ, ತೂಗುಗುಂಡಿನ ದಾರ ತೂತಿನ ಮಧ್ಯದಿಂದಲೇ ಇಳಿಯಬೇಕು. ನೆಲದ ಮೇಲೆ ಸೂರ್ಯನ ಬಿಂಬ ಮೊಟ್ಟೆಯಾಕಾರದಲ್ಲಿ ಬೀಳುತ್ತದೆ, ಅಡ್ಡ 35, ಉದ್ದ 43 ಮಿ.ಮೀ.ಯಷ್ಟು. ಅಂಚು ಬಿಡಿ, ಅದರ ನಡು ಹಿಡಿಯಿರಿ. 12 ಗಂಟೆ 15ರಿಂದ 12.45ರವರೆಗೆ ಎರಡೆರಡು ನಿಮಿಷಕ್ಕೊಮ್ಮೆ ಕಾಗದದಲ್ಲಿ ಗುರುತು. ನಮ್ಮ ರೇಖಾಂಶಕ್ಕೆ ಆಗ ನಿಜವಾದ ಮಧ್ಯಾಹ್ನ 12.28ರ ಆಸುಪಾಸು, 12 ಗಂಟೆಗಲ್ಲ. ತೂಗುಗುಂಡಿಗೆ ಅತ್ಯಂತ ಹತ್ತಿರ ಬಂದ ಗುರುತೇ ಬೇಕಾದದ್ದು.

ಮಂಗಳೂರಿನಲ್ಲಿ 2 ಮೀಟರ್ 20 ಸೆಂ.ಮೀ. ಚಿಲ್ಲರೆ ಬಂತು, ಮರುದಿನ ಉಡುಪಿಯಲ್ಲಿ ಅದಕ್ಕಿಂತ 42 ಮಿ.ಮೀ. ಹೆಚ್ಚು. ಉತ್ತರ-ದಕ್ಷಿಣ ಅಂತರ ನಕ್ಷೆಯಲ್ಲಿ 52 ಕಿ.ಮೀ. ಬಸ್ಸಿನ ಕಿ.ಮೀ. ಹಾಕಬೇಡಿ, ಹೆದ್ದಾರಿ ನೇರ ಉತ್ತರಕ್ಕೆ ಹೋಗುವುದಿಲ್ಲ. ಲೆಕ್ಕ ಮಾಡಿದರೆ 36 ಸಾವಿರ ಕಿ.ಮೀ. ನಿಜ 40 ಸಾವಿರ. ಬರಬೇಕಿದ್ದ ವ್ಯತ್ಯಾಸ 38 ಮಿ.ಮೀ.; ನಾಲ್ಕು ಮಿ.ಮೀ. ತಪ್ಪಿದ್ದಕ್ಕೆ ಭೂಮಿ ನಾಲ್ಕು ಸಾವಿರ ಕಿ.ಮೀ. ಸಣ್ಣದಾಯಿತು. ತೂತಿನ ತಗಡಿಗೆ ಗುಜರಿಯಲ್ಲಿ 10 ರೂಪಾಯಿ, ಉಳಿದದ್ದು ಬಸ್ಸಿಗೆ, ಬೊಂಡಕ್ಕೆ. ಶೇಕಡಾ 10ರ ತಪ್ಪಿನೊಳಗೆ ಭೂಮಿ ಅಳೆದದ್ದು ನಮ್ಮ ಕೇರಿಯಲ್ಲಂತೂ ನಾನೊಬ್ಬನೇ. ಬಿಂಬದ ನಡುವನ್ನು ಅರ್ಧ ಮಿ.ಮೀ.ಗೆ ಹಿಡಿಯುವ ಇನ್ನೊಂದು ಉಪಾಯ ಆಮೇಲೆ ಹೊಳೆದಿದೆ. ಅದು ಮುಂದಿನ ಡಿಸೆಂಬರಿಗೆ, ಇಲ್ಲಿ ಬರೆಯುವುದಿಲ್ಲ.

ಹಂಚಿನ ಚೀಟಿಯಲ್ಲಿ ಋತು ಕೈಕೊಟ್ಟಿತು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರಿದು. ಮನೆ ಕೆಡವಿದಲ್ಲಿ, ಗುಜರಿಯಲ್ಲಿ, ಎಲ್ಲಿ ನೋಡಿದರೂ ಹಳೆ ಹಂಚು. 10-15 ರೂಪಾಯಿಗೆ ಒಂದು. ಒಣ ತೂಕ, 24 ಗಂಟೆ ನೀರಲ್ಲಿ ಮುಳುಗಿಸಿ ಒದ್ದೆ ತೂಕ, ವ್ಯತ್ಯಾಸವನ್ನು ಒಣ ತೂಕದಿಂದ ಭಾಗಿಸಿದರೆ ಆಯಿತು. ಜುಲೈಯಲ್ಲಿ ಮಾಡಿದಾಗ ಶೇಕಡಾ 6 ಬಂತು. ಎಂಥಾ ಹಂಚಪ್ಪ ಎಂದು ನಾಲ್ಕು ಜನರಿಗೆ ಹೇಳಿಯೂ ಆಗಿತ್ತು. ಅಸಲಿಗೆ ಹಿತ್ತಿಲಲ್ಲಿ ಬಿದ್ದಿದ್ದ ಆ "ಒಣ" ಹಂಚು ಅದಾಗಲೇ ಅರ್ಧ ಹೊಟ್ಟೆ ನೀರು ಕುಡಿದು ಕೂತಿತ್ತು. ಪ್ರಯೋಗಾಲಯದಲ್ಲಾದರೆ 105-110 ಡಿಗ್ರಿಯ ಒಲೆಯಲ್ಲಿ ಒಣಗಿಸುತ್ತಾರೆ. ಮನೆಯಲ್ಲಿ ಮಾಡುವುದಾದರೆ ಏಪ್ರಿಲಿನ ಬಿಸಿಲಲ್ಲಿ ಮೂರು ದಿನ ಇಟ್ಟು, ಸಂಜೆ ಸಂಜೆ ತೂಗಿ, ಎರಡು ದಿನದ ತೂಕ ಒಂದೇ ಬಂದ ಮೇಲೆ ಮುಳುಗಿಸಿ. ಅದೇ ಹಂಚು ಆಮೇಲೆ 2.35 ಕಿಲೋದಿಂದ 2.71ಕ್ಕೆ ಏರಿತು, ಅಂದರೆ ಶೇಕಡಾ 15ರ ಮೇಲೆ. ಹಂಚಿನ ಭಾರತೀಯ ಮಾನಕದಲ್ಲಿ ಉತ್ತಮ ದರ್ಜೆಗೆ ಶೇಕಡಾ 18ರವರೆಗೆ ಅವಕಾಶ ಉಂಟು, ಹಾಗಾಗಿ ಹಂಚು ಪಾಸು. ನೀರಿನಿಂದ ಎತ್ತಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಣ ಬಟ್ಟೆ ಹಂಚಿನೊಳಗಿನ ನೀರನ್ನೂ ಎಳೆಯುತ್ತದೆ, 20-30 ಗ್ರಾಂ ಹೋಯಿತು ಅಂತಲೇ ಲೆಕ್ಕ.

ಅಡುಗೆಮನೆಯ ಆ ತಕ್ಕಡಿ, 350 ರೂಪಾಯಿಯದ್ದು, ಮೂರು ವರ್ಷದಲ್ಲಿ ಕೊಂಡದ್ದರಲ್ಲೆಲ್ಲ ಹೆಚ್ಚು ದುಡಿದ ಸಾಮಾನು. ಗೇರುಬೀಜದ ಚೀಟಿ ಅದರಲ್ಲೇ ಅರ್ಧ ಗಂಟೆಗೆ ಮುಗಿಯಿತು. ಪ್ಯಾಕೆಟಿನ ಡಬ್ಲ್ಯು 240, ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಹೆಚ್ಚೆಂದರೆ ಅಷ್ಟು ಇಡೀ ಬೀಜ ಎಂದು. 100 ಗ್ರಾಂ ತೂಗಿ ಎಣಿಸಿ: 240 ಆದರೆ 49ರಿಂದ 53, 320 ಆದರೆ 66ರಿಂದ 70 ಬರಬೇಕು. 240 ಎಂದು ಕೊಟ್ಟ ಒಂದು ಪ್ಯಾಕೆಟಿನಲ್ಲಿ 68 ಬಂತು. ಅಂಗಡಿಯ ಹೆಸರು ಬೇಡ. ನೀವೂ ಎಣಿಸಿ, ಸಾಕು.

ಕಂಬಕಲ್ಲಿಗೆ ಬರೋಣ, ಲಾವಾ ಆರುವಾಗ ಬಿರಿದು ಕಂಬಕಂಬವಾಗಿ ನಿಂತ ಕಲ್ಲು. ದ್ವೀಪದ ಲಾವಾ 8 ಕೋಟಿ 80 ಲಕ್ಷ ವರ್ಷದ ಸುಮಾರಿನದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಆರು ಮೂಲೆಯೇ ಎಲ್ಲ ಎಂದು ಹೋದರೆ ಎಣಿಸುವಾಗ ಐದರದ್ದೂ ಏಳರದ್ದೂ ಬೇಕಾದಷ್ಟು ಸಿಗುತ್ತವೆ. ಅಲೆ ಸವೆಸಿದ ಕಂಬದ ಮೂಲೆ ಕಣ್ಣಿಗೆ ಮೋಸ ಮಾಡುತ್ತದೆ, ಬೆರಳಾಡಿಸಿ ಎಣಿಸಬೇಕು. ಬೋಟು ಮಳೆಗಾಲದಲ್ಲಿ ಇಲ್ಲ, ಹಾಗಾಗಿ ಈ ಚೀಟಿ ಜೂನಿನಲ್ಲಿ ಬಂದರೆ ಮತ್ತೆ ಡಬ್ಬಿಗೆ. ಅಲ್ಲಿಂದ ಕಲ್ಲು, ಚಿಪ್ಪು ತರುವ ಹಾಗಿಲ್ಲ. ಅದಕ್ಕೇ ಮನೆಯಲ್ಲೇ ಕಂಬ ಬೆಳೆಸುವ ಉಪಪ್ರಯೋಗ ಶುರುವಾದದ್ದು, ಮುಖ್ಯ ಚೀಟಿಗಿಂತ ಅದೇ ಹೆಚ್ಚು ದಿನ ತಿಂದಿತು.

ಲಾವಾ ಆರುವಾಗ ಬಿರಿಯುವಂತೆ ನೀರಲ್ಲಿ ಕಲಸಿದ ಕಾರ್ನ್‌ಫ್ಲೋರ್ ಒಣಗುವಾಗಲೂ ಕಂಬಕಂಬವಾಗಿ ಬಿರಿಯುತ್ತದೆ. ಹಿಟ್ಟು ಮತ್ತು ನೀರು, ತೂಕದಲ್ಲಿ ಸಮಸಮ. ಸ್ಟೀಲ್ ಲೋಟದಲ್ಲಿ ನಾಲ್ಕು ಬೆರಳು ದಪ್ಪ ಹೊಯ್ದು, ಮೇಲೆ ಒಂದು ಗೇಣು ಎತ್ತರದಲ್ಲಿ 60 ವಾಟಿನ ಬಲ್ಬು ಹಗಲೂ ರಾತ್ರಿ. ಮೊದಲ ಸಲ ಎಲ್‌ಇಡಿ ಬಲ್ಬು ಹಾಕಿ ಐದು ದಿನ ಕಾದೆ. ಅದರಲ್ಲಿ ಬಿಸಿಯೇ ಇಲ್ಲ, ಹಿಟ್ಟು ಹಾಗೇ ಇತ್ತು. ತಂತಿಯ ಹಳೆ ಬಲ್ಬೇ ಬೇಕು. ಎರಡನೇ ಸಲ ಕಾರ್ನ್‌ಫ್ಲೋರ್ ಬದಲು ಮನೆಯ ಅಕ್ಕಿಹಿಟ್ಟು: ಎರಡನೇ ದಿನಕ್ಕೆ ಹುಳಿ ಬಂದು ನೊರೆ ಎದ್ದಿತು, ದೋಸೆಗಾದರೂ ಆಗುತ್ತಿತ್ತು. ಮೂರನೇ ಸಲ ಬೂಷ್ಟು. ನಾಲ್ಕನೇ ಸಲ ನಾಲ್ಕೈದು ಹನಿ ಬ್ಲೀಚಿಂಗ್ ದ್ರಾವಣ ಸೇರಿಸಿದ ಮೇಲೆ ಸರಿಹೋಯಿತು. ಮೇಲೆ ಮೊದಲು ಕಾಣುವ ಅಗಲ ಬಿರುಕು ಕೆರೆ ಒಣಗಿದಾಗ ಬರುವಂಥದ್ದು, ಅದನ್ನು ನೋಡಿ ಮುಗಿಯಿತೆಂದು ಲೋಟ ಅಲ್ಲಾಡಿಸಬೇಡಿ. ಒಳಗಿನ ಕಂಬ ಏಳುವುದು ಆಮೇಲೆ. ಏಳೆಂಟು ದಿನಕ್ಕೆ ಪೂರ್ತಿ ಒಣಗಿದ ಹಿಟ್ಟನ್ನು ಕೈಯಲ್ಲಿ ಮುರಿದರೆ ಬೆಂಕಿಕಡ್ಡಿ ದಪ್ಪದ ಮೂಲೆಮೂಲೆ ಕಂಬಗಳು ಸಾಲಾಗಿ ಬಿಚ್ಚಿಕೊಳ್ಳುತ್ತವೆ, ಮೇಲೆ ಸಪೂರ, ಕೆಳಗೆ ಇಳಿದಂತೆ ದಪ್ಪ.

ಕಲಿತದ್ದು ಮಂಡೆಯಲ್ಲಿ ಉಳಿಯಬೇಕಲ್ಲ, ಅದಕ್ಕೆ ಮುಖ್ಯ ಅಂಶ ಬರೆದಿಟ್ಟ ಕಾರ್ಡು. ಮೂರು, ಹತ್ತು, ಮೂವತ್ತು, ತೊಂಬತ್ತು ದಿನಕ್ಕೆ ಮರುಓದು. ಮರೆಯುವ ಹೊತ್ತಿಗೆ ಮತ್ತೆ ಓದಿದರೆ ಹೆಚ್ಚು ದಿನ ಉಳಿಯುತ್ತದೆ ಎಂಬ ಲೆಕ್ಕ. ಅಂಗಡಿಯ ತೆಳು ಕಾರ್ಡು ಜೂನ್ ಕೊನೆಗೆ ಒಂದಕ್ಕೊಂದು ಅಂಟುತ್ತದೆ, ಪೆನ್ನಿನ ಶಾಯಿ ಹರಡುತ್ತದೆ. ಮದುವೆ ಕಾಗದವನ್ನು ನಾಲ್ಕು ತುಂಡು ಮಾಡಿ, ಹೊಳಪಿಲ್ಲದ ಬದಿಯಲ್ಲಿ ಪೆನ್ಸಿಲಿನಿಂದ ಬರೆಯುವುದು ಈಗಿನ ಕ್ರಮ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಔಷಧಿ ಬಾಟಲಿಯೊಳಗೆ ಬರುವ ಆ ಪುಟ್ಟ ಒಣಗಿಸುವ ಪೊಟ್ಟಣ ನಾಲ್ಕು ಹಾಕಿ ಇಟ್ಟರೆ ಮಳೆಗಾಲ ದಾಟುತ್ತದೆ. ಒಂದು ವಿಷಯಕ್ಕೆ ಎಂಟು ಕಾರ್ಡು, ಹೆಚ್ಚಿಲ್ಲ. ಆ ಎಂಟನ್ನು ಆರಿಸುವ ಕ್ರಮ ಮಾತ್ರ ನನ್ನ ಹತ್ತಿರವೇ ಇರಲಿ.

ಮಳೆಗಾಲಕ್ಕೆ ಲಿಪಿಯ ಚೀಟಿ ಒಳ್ಳೆಯದು. ತುಳುನಾಡಿನ ತಾಳೆಗರಿಗಳ ಹಳೆ ಲಿಪಿ ತುಳು-ತಿಗಳಾರಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ಕ್ಕೆ, ಅಂದರೆ ಕಂಪ್ಯೂಟರುಗಳು ಬಳಸುವ ಅಕ್ಷರಗಳ ಜಾಗತಿಕ ಪಟ್ಟಿಗೆ, ಸೇರಿತು. ಅಕ್ಷರದ ಪಟ್ಟಿ ಬಾಯಿಪಾಠ ಮಾಡಲು ಹತ್ತು ದಿನ ಸಾಕು, ಮಲಯಾಳಂ ಅಕ್ಷರ ಬಲ್ಲವರಿಗೆ ಇನ್ನೂ ಕಮ್ಮಿ. ಆದರೆ ತಾಳೆಗರಿಯ ಚಿತ್ರ ಎದುರಿಗಿಟ್ಟರೆ ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲ, ಎಲ್ಲಿ ಮುರಿಯುವುದು ಗೊತ್ತಾಗುವುದಿಲ್ಲ. ಮೊದಲೇ ಬಾಯಿಗೆ ಬರುವ ಒಂದು ಶ್ಲೋಕ ಇರುವ ಗರಿಯಿಂದ ಶುರು ಮಾಡಿದರೆ ಮಾತ್ರ ದಾರಿ ಸಿಗುತ್ತದೆ.

ದಂಡದ ಲೆಕ್ಕ, 600ರ ಮಿತಿಗೆ ಹೊರಗಿನದ್ದು: ದೂರದರ್ಶಕಕ್ಕೆ 8,500. ಕರಾವಳಿಯ ತೇವಕ್ಕೆ ಎರಡೇ ಮಳೆಗಾಲದಲ್ಲಿ ಮಸೂರದೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತು; ಬಿಚ್ಚಿ ಒರೆಸಲು ಹೋಗಿ ಮಸೂರದ ಜೋಡಣೆಯೂ ಕೆಟ್ಟಿತು. ಇನ್ನು 2,500ರಷ್ಟು ದುಡ್ಡು ಕೊಟ್ಟು ಸೇರಿದ ಕೋರ್ಸುಗಳಿಗೆ, ಒಂದೂ ಮೂರನೇ ಪಾಠ ದಾಟಲಿಲ್ಲ. ಚೆಂಡೆಯನ್ನು ಡಬ್ಬಿಗೆ ಹಾಕಿದ್ದು ನನ್ನದೇ ಪೆದ್ದುತನ. ಬೆರಳು, ಮಣಿಕಟ್ಟು ಪಳಗಬೇಕಾದ ಯಾವ ವಿದ್ಯೆಯೂ ಹದಿನೈದು ದಿನದ ಲೆಕ್ಕಕ್ಕೆ ಒಗ್ಗುವುದಿಲ್ಲ. ಚೆಂಡೆ, ಈಜು, ಬಲೆ ಹೆಣೆಯುವುದು, ಮೂರನ್ನೂ ತೆಗೆದು ಬಿಸಾಡಿದ್ದೇನೆ.

ಈಗ ಕೈಯಲ್ಲಿರುವುದು ಮಳೆ ಅಳೆಯುವ ಚೀಟಿ. 20 ಸೆಂ.ಮೀ. ಬಾಯಿಯ ಆಲಿಕೆಗೆ ಒಂದು ಮಿ.ಮೀ. ಮಳೆ ಎಂದರೆ 31 ಮಿಲಿ ನೀರು, ಅಳತೆ ಇಷ್ಟು ಸುಲಭ. ಹೋದ ವರ್ಷ ಕೆಳಗೆ ಇಟ್ಟಿದ್ದು ಐದು ಲೀಟರಿನ ಕ್ಯಾನು. ಐದು ಲೀಟರ್ ಎಂದರೆ 160 ಮಿ.ಮೀ., ಜುಲೈಯ ಒಂದೇ ರಾತ್ರಿಗೆ ಅದು ತುಂಬಿ ಹೊರಚೆಲ್ಲಿ ತಿಂಗಳ ಲೆಕ್ಕವೆಲ್ಲ ಹಾಳಾಯಿತು. ಈ ಸಲ ಹತ್ತು ಲೀಟರಿನದ್ದು ಇಟ್ಟಿದ್ದೇನೆ, ತೇಲಿಹೋಗದಂತೆ ಎರಡು ಮುರಕಲ್ಲಿನ ನಡುವೆ ಸಿಕ್ಕಿಸಿ.