ಟೊಯಾಮಾ: ಹಿಮದ ಬೆಟ್ಟವೂ ಇದೆ, ಕಡಲೂ ಇದೆ

ಜಪಾನ್‌ಗೆ ಹೋಗುವವರು ಬರೀ ಟೋಕಿಯೊ, ಕ್ಯೋಟೊ ನೋಡಿ ವಾಪಸ್ ಬರಬೇಡಿ. ಎರಡು ದಿನ ಟೊಯಾಮಾಗೆ ಇಡಿ. ಟೋಕಿಯೊದಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಒಂದು ದಿನ ಪೂರ್ತಿ, ಬೆಟ್ಟಗಳನ್ನು ದಾಟಿ ಹೋಗುವ ಪ್ರವಾಸಿ ಮಾರ್ಗವಾದ ತತೆಯಾಮಾ ಕುರೊಬೆ ಆಲ್ಪೈನ್ ರೂಟ್‌ಗೆ ಬೇಕು. ಇದು ಏಪ್ರಿಲ್ ಮಧ್ಯದಿಂದ ನವೆಂಬರ್ ಕೊನೆವರೆಗೆ ಮಾತ್ರ ತೆರೆದಿರುತ್ತದೆ. ಸ್ವಂತ ಕಾರು ಬಿಡುವುದಿಲ್ಲ. ಕೇಬಲ್ ಕಾರ್, ಬಸ್, ರೋಪ್‌ವೇ ಬದಲಿಸುತ್ತಾ ಹೋಗಬೇಕು, ಹಾಗಾಗಿ ದೊಡ್ಡ ಸೂಟ್‌ಕೇಸ್ ಹೋಟೆಲ್‌ನಲ್ಲೇ ಬಿಡಿ. ಜೆಆರ್ ಪಾಸ್ (ವಿದೇಶಿ ಪ್ರವಾಸಿಗರ ರೈಲು ಪಾಸ್) ಇಲ್ಲಿ ನಡೆಯುವುದಿಲ್ಲ, ಟಿಕೆಟ್ ಮೊದಲೇ ಬುಕ್ ಮಾಡಿ.

ಯಾವಾಗ ಹೋಗುವುದು? ಈ ಮಾರ್ಗದಲ್ಲಿ 2,450 ಮೀಟರ್ ಎತ್ತರದ ಮುರೊಡೊದಲ್ಲಿ ರಸ್ತೆಯ ಪಕ್ಕ ಹಿಮದ ಗೋಡೆ ನೋಡಬೇಕಾದರೆ ಏಪ್ರಿಲ್, ಮೇ ಒಳ್ಳೆಯದು. ಜೂನ್ ಹೊತ್ತಿಗೆ ಗೋಡೆ ಕರಗಿ ಗಿಡ್ಡವಾಗಿರುತ್ತದೆ. ಇದೇ ಮಾರ್ಗದಲ್ಲಿರುವ 186 ಮೀಟರ್ ಎತ್ತರದ ಕುರೊಬೆ ಅಣೆಕಟ್ಟಿನಿಂದ ಪ್ರವಾಸಿಗರಿಗಾಗಿ ನೀರು ಬಿಡುವುದು ಜೂನ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಎರಡೂ ಒಟ್ಟಿಗೆ ಸಿಗುವುದು ಕಷ್ಟ. ನನ್ನನ್ನು ಕೇಳಿದರೆ ಹಿಮವೇ ಸರಿ. ಮೇ ತಿಂಗಳಲ್ಲೂ ಮೇಲೆ ಚಳಿ ಇರುತ್ತದೆ, ದಪ್ಪ ಜಾಕೆಟ್, ಕೂಲಿಂಗ್ ಗ್ಲಾಸ್ ಮರೆಯಬೇಡಿ.

ಇನ್ನೊಂದು ದಿನ ಬೆಳಗ್ಗೆ ಬೇಗ ಎದ್ದು ಹತ್ತಿರದ ತಕಾವೊಕಾ ಊರಿನಿಂದ ಹಿಮಿ ಲೈನ್ ರೈಲು ಹಿಡಿದು ಕಡಲತೀರದ ಅಮಹರಾಶಿಯಲ್ಲಿ ಇಳಿಯಿರಿ. ಮೋಡವಿಲ್ಲದಿದ್ದರೆ ಕಡಲಿನಾಚೆ 3,000 ಮೀಟರ್ ಎತ್ತರದ ಬೆಟ್ಟಸಾಲು ಕಾಣುತ್ತದೆ. ಎಂಥಾ ನೋಟ ಅಂತೀರಾ!

ಸಸ್ಯಾಹಾರಿಗಳು ಗಮನಿಸಿ: ಮಿಸೊ (ಹುದುಗಿಸಿದ ಸೋಯಾ) ಸೂಪ್, ಉದೋನ್ (ದಪ್ಪ ನೂಡಲ್ಸ್) ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ. ಬೆಟ್ಟದ ಮೇಲೆ ಆಯ್ಕೆ ಕಡಿಮೆ, ಚಪಾತಿ, ಚಟ್ನಿಪುಡಿ ಜೊತೆಗಿರಲಿ.